ಮನೆಗೆ ಬಂದ ಎಣ್ಣೆ

ಕೊಟ್ಟೂರಿನಲ್ಲಿ ನನ್ನದೊಂದು ಮಿರ್ಚಿ ಮಂಡಕ್ಕಿ ಅಂಗಡಿ. ಮೂವತ್ತು ವರ್ಷಕ್ಕೆ ಹತ್ತಿರ ಬಂತು. ಹೊಗಳಿಕೊಳ್ಳುವ ಉಮೇದು ಈಗ ಉಳಿದಿಲ್ಲ, ಆದರೂ ಇದೊಂದು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮಿರ್ಚಿಗಿಂತ ಎಣ್ಣೆಗೆ ಹೆಸರಾದ ಅಂಗಡಿ ನನ್ನದು. ದಿನಾ ಮಧ್ಯಾಹ್ನ ಬಾಣಲೆ ತಿಕ್ಕಿ, ಹೊಸ ಎಣ್ಣೆ ಸುರಿದು, ಗಿರಾಕಿಗಳ ಕಣ್ಣೆದುರೇ ಒಲೆ ಹೊತ್ತಿಸುತ್ತಿದ್ದೆ. ನಿನ್ನೆಯ ಎಣ್ಣೆಯ ಒಂದು ಹನಿಯೂ ಇವತ್ತಿನ ಬಾಣಲೆಗೆ ಬೀಳಬಾರದು ಎಂಬುದು ನನ್ನ ಹಟ. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಬಂದವರು ಕೂಡ ಬಸ್ಸು ತಪ್ಪಿದರೆ ತಪ್ಪಲಿ ಎಂದು ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. "ಇಲ್ಲಿ ತಿಂದ್ರ ಎದಿ ಉರಿಯಂಗಿಲ್ರಿ" ಎಂದು ಒಬ್ಬರಿಗೊಬ್ಬರು ಹೇಳುವುದು ಕಿವಿಗೆ ಬಿದ್ದರೆ, ಆ ದಿನ ಎರಡು ಮಿರ್ಚಿ ಪುಕ್ಕಟೆ ಹಾಕಿಬಿಡುತ್ತಿದ್ದೆ.

ಆ ನಿನ್ನೆಯ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಅದು ನನ್ನ ಮನೆಗೆ ಹೋಗುತ್ತಿತ್ತು. ಅಂಗಡಿ ಮುಚ್ಚುವಾಗ ಬಾಣಲೆಯ ತಳದಲ್ಲಿ ಉಳಿದಿದ್ದನ್ನು ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಡಬ್ಬಿಗೆ ತುಂಬಿ, ಸೈಕಲ್ಲಿಗೆ ನೇತುಹಾಕಿಕೊಂಡು ಹೊರಡುತ್ತಿದ್ದೆ. ಎಣ್ಣೆ ಚೆಲ್ಲುವುದೆಂದರೆ ಅನ್ನ ಚೆಲ್ಲಿದಷ್ಟೇ ಪಾಪ ಎಂದು ಕಲಿತು ಬೆಳೆದವನು ನಾನು. ಗಿರಾಕಿಗೂ ಮೋಸ ಆಗಬಾರದು, ಎಣ್ಣೆಯೂ ಮಣ್ಣುಪಾಲಾಗಬಾರದು. ಹಾಗಾಗಿ ಮನೆಯ ಒಗ್ಗರಣೆ, ಪಲ್ಯ, ಚಪಾತಿ ಎಲ್ಲಕ್ಕೂ ಆ ಡಬ್ಬಿಯ ಕಪ್ಪು ಎಣ್ಣೆಯೇ. ಇದರಲ್ಲಿ ತಪ್ಪೇನಿದೆ ಎಂದು ನನಗೆ ಒಂದು ದಿನವೂ ಅನಿಸಲಿಲ್ಲ. ಬದಲಿಗೆ ಪ್ರಾಮಾಣಿಕತನ ಎಂದರೆ ಇದೇ ಎಂದುಕೊಂಡಿದ್ದೆ.

ನನ್ನ ಹೆಂಡತಿ ತಂಬ್ರಹಳ್ಳಿಯ ಒಕ್ಕಲುತನದ ಮನೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಊಟಕ್ಕೆ ಕೂತರೆ ರೊಟ್ಟಿಯ ಪಕ್ಕದಲ್ಲಿ ಒಂದು ಹಿಡಿ ಹಸಿ ಸೊಪ್ಪು ಇರಲೇಬೇಕು. ಹಕ್ಕರಿಕೆ, ಮೆಂತ್ಯ, ಈರುಳ್ಳಿ ಸೊಪ್ಪು, ಮೂಲಂಗಿ, ಏನು ಸಿಕ್ಕರೆ ಅದು. ಗುರೆಳ್ಳು ಪುಡಿ ಹಚ್ಚಿಕೊಂಡು ಕರಕರ ಅಗಿಯುತ್ತಿದ್ದಳು. "ನಿಮ್ಮ ತವರುಮನಿಯವರೆಲ್ಲ ಮ್ಯಾಕಿ ಜಾತಿಯವರೇನ್ಲೇ?" ಎಂದು ನಾನು ಕಾಡಿಸುತ್ತಿದ್ದೆ. ಮೊದಮೊದಲು ನಗುತ್ತಿದ್ದಳು. ಆಮೇಲೆ ಅಂಗಡಿ ಕೈಹಿಡಿಯಿತು. ಬೆಳಗಿನ ಜಾವ ಎದ್ದು ಒಗ್ಗರಣೆ ಮಂಡಕ್ಕಿಗೆ ಅಣಿ ಮಾಡಬೇಕು, ಮೆಣಸಿನಕಾಯಿ ಸೀಳಬೇಕು, ಹಿಟ್ಟು ಕಲಸಬೇಕು, ಸಂಜೆ ನನ್ನ ಜೊತೆ ಹೊಗೆಯಲ್ಲಿ ನಿಲ್ಲಬೇಕು. ಸೊಪ್ಪು ಸೋಸುತ್ತ ಕೂರುವ ಪುರುಸೊತ್ತು ಎಲ್ಲಿಂದ ಬರಬೇಕು? ಬೆಳಿಗ್ಗೆ ಉಳಿದ ಮಂಡಕ್ಕಿ, ಮಧ್ಯಾಹ್ನ ಅವಸರದ ರೊಟ್ಟಿ ಪಲ್ಯ, ಸಂಜೆ ಮುರಿದ ಮಿರ್ಚಿ, ನಡುನಡುವೆ ಸಕ್ಕರೆ ಜಾಸ್ತಿ ಹಾಕಿದ ಚಹಾ. ಅವಳ ತಟ್ಟೆಯಿಂದ ಸೊಪ್ಪು ಯಾವತ್ತು ಹೋಯಿತೋ ನಾನು ನೋಡಲಿಲ್ಲ.

ಒಂದು ಸಲ ಪಲ್ಯ ಕಮಟು ವಾಸನೆ ಹೊಡೆಯಿತು. ಅಂಗಡಿಯ ದಣಿವು, ಹಸಿವು, ನನ್ನ ಸುಡುಗಾಡು ಸಿಟ್ಟು, ಎಲ್ಲ ಸೇರಿ ತಟ್ಟೆ ಎತ್ತಿ ಅಂಗಳಕ್ಕೆ ಎಸೆದೆ. "ಇದನ್ನ ಮನಷ್ಯಾರು ಉಣ್ತಾರೇನು?" ಎಂದು ಕೂಗಿದೆ. ಎಣ್ಣೆ ತಂದವನು ನಾನೇ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಅವಳು ತಟ್ಟೆ ಎತ್ತಿಟ್ಟಳು. ಮರುದಿನದಿಂದ ಊಟದಲ್ಲಿ ಆ ವಾಸನೆ ಬರಲಿಲ್ಲ. ಹಳೇ ಎಣ್ಣೆಯಲ್ಲೂ ವಾಸನೆ ಬಾರದಂತೆ ಅಡುಗೆ ಮಾಡುವ ಕೈಗುಣ ನನ್ನ ಹೆಂಡತಿಗಿದೆ ಎಂದು ನೆಂಟರ ಮುಂದೆ ಹೇಳಿಕೊಂಡು ತಿರುಗಿದೆ.

ಒಬ್ಬಳೇ ಮಗಳನ್ನು ಹಡಗಲಿಗೆ ಮದುವೆ ಮಾಡಿಕೊಟ್ಟ ಮೇಲೆ ನನ್ನ ಹೆಂಡತಿ ಸೋಲತೊಡಗಿದಳು. ಮೆಣಸಿನಕಾಯಿ ಸೀಳುತ್ತಲೇ ತೂಕಡಿಸುತ್ತಿದ್ದಳು. ಕೈಕಾಲು ಸಣ್ಣ, ಹೊಟ್ಟೆಯ ಸುತ್ತ ಮಾತ್ರ ಬೊಜ್ಜು. ಕತ್ತಿನ ಹಿಂದೆ ಚರ್ಮ ಕಪ್ಪಾಯಿತು. ಬಿಸಿಲಿಗೆ ಎಂದುಕೊಂಡೆವು. ಊರಲ್ಲೊಂದು ತಪಾಸಣೆ ಶಿಬಿರ ನಡೆದಾಗ ಸಕ್ಕರೆ ಕಾಯಿಲೆ ಇದೆ ಎಂದರು. ಅಲ್ಲಿಂದ ಹೊಸಪೇಟೆಯ ಡಾಕ್ಟರರ ಹತ್ತಿರ ಹೋದೆವು. ಸ್ಕ್ಯಾನ್ ಮಾಡಿಸಿ ನೋಡಿದ ಅವರು, ಲಿವರ್‌ನಲ್ಲಿ ಕೊಬ್ಬು ಕೂತಿದೆ, ಗಟ್ಟಿಯಾಗತೊಡಗಿದೆ ಎಂದರು.

"ನಾನು ಕುಡಿಯಾಕಿ ಅಲ್ರಿ ಸರ, ನಮ್ಮನ್ಯಾಗ ಯಾರೂ ಕುಡಿಯಂಗಿಲ್ಲ. ಲಿವರ್ ಹೆಂಗ ಕೆಟ್ಟಿತ್ರಿ?" ಎಂದಳು ಇವಳು. ಅವಳಿಗೆ ಕಾಯಿಲೆಗಿಂತ ಅವಮಾನವೇ ದೊಡ್ಡದಾಗಿತ್ತು.

ಡಾಕ್ಟರು ಒಳ್ಳೆಯವರು. ಬೇಸರವಿಲ್ಲದೆ ಬಿಡಿಸಿ ಹೇಳಿದರು. "ನೋಡಮ್ಮಾ, ಉಂಡದ್ದು ಮೈಯೊಳಗೆ ಉರಿದು ಶಕ್ತಿ ಆಗುವಾಗ ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಒಂದಿಷ್ಟು ಹಾನಿ ದಿನಾ ಆಗ್ತಾ ಇರುತ್ತೆ. ಅದನ್ನು ತಡೆಯೋಕೆ ಸೊಪ್ಪು, ತರಕಾರಿ, ಹಣ್ಣು, ಕಾಳಿನಲ್ಲಿ ಆಂಟಿ ಆಕ್ಸಿಡೆಂಟ್ ಅನ್ನೋ ಅಂಶಗಳಿವೆ. ನಿದ್ದೆ ಕಡಿಮೆ ಆದ್ರೆ, ಹೊಗೆಯಲ್ಲಿ ನಿಂತ್ರೆ, ಮೈ ಬಗ್ಗಿಸದೆ ಒಂದೇ ಕಡೆ ಕೂತ್ರೆ, ಕಾದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ತಿಂದ್ರೆ ಹಾನಿ ಜಾಸ್ತಿ. ಇವೆರಡೂ ಸರಿದೂಗಬೇಕು. ಬಹಳ ದಿನ ತಪ್ಪಿದ್ರೆ ಸಕ್ಕರೆ, ಬೊಜ್ಜು, ಲಿವರ್, ಒಂದರ ಹಿಂದೆ ಒಂದು ಕೆಡ್ತಾ ಹೋಗಬಹುದು." ಆಮೇಲೆ ಪೆನ್ನು ಕೈಯಲ್ಲಿ ಹಿಡಿದು ಕೇಳಿದರು, "ಮನೆಯಲ್ಲಿ ಅಡುಗೆಗೆ ಯಾವ ಎಣ್ಣೆ?"

ಆ ಕೋಣೆಯಲ್ಲಿ ನಾವು ಮೂವರೇ ಇರಲಿಲ್ಲ. ಮುಂದಿನ ಪಾಳಿಯವರೂ ಒಳಗೇ ಬೆಂಚಿನ ಮೇಲೆ ಕೂತಿದ್ದರು. ಅವರಲ್ಲೊಬ್ಬರು ಕೂಡ್ಲಿಗಿಯ ಮೇಷ್ಟ್ರು, ನನ್ನ ಹಳೇ ಗಿರಾಕಿ. ಆಗಲೇ "ಏನ್ರಿ ಸಾಹುಕಾರ್ರ, ಇಲ್ಲಿ?" ಎಂದು ಮಾತಾಡಿಸಿದ್ದರು. ಕರಿದ ಎಣ್ಣೆ ಎಂಬ ಮಾತು ನನ್ನ ಬಾಯಿಂದ ಬಂದರೆ ಅದು ನನಗಿಂತ ಮೊದಲು ಕೊಟ್ಟೂರು ಮುಟ್ಟುತ್ತದೆ. ಅದು ಅಂಗಡಿಯ ಬಾಣಲೆಗಲ್ಲ, ಮನೆಗೆ ಒಯ್ದದ್ದು ಎಂದು ಬಿಡಿಸಿ ಹೇಳುವವರು ಯಾರು? ಹೆಂಡತಿ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ದಿನಾ ಹೊಸಾ ಎಣ್ಣಿನೇ ರೀ ಸರ. ನಮ್ಮನಿಯವರು ಹಳೇ ಎಣ್ಣಿ ಮುಟ್ಟಂಗಿಲ್ಲ" ಎಂದಳು. ಡಾಕ್ಟರು ಹಾಗೆಯೇ ಬರೆದುಕೊಂಡರು. ಮೇಷ್ಟ್ರು ಹಿಂದಿನಿಂದ "ಅದು ಖರೇ ಐತ್ರಿ, ಅವರ ಅಂಗಡಿಯಂಥಾ ಎಣ್ಣಿ ಎಲ್ಲೂ ಇಲ್ಲ" ಎಂದು ಸಾಕ್ಷಿಯನ್ನೂ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಮೇಲೆಯೇ ರೇಗಿದೆ. "ಡಾಕ್ಟರ ಮುಂದ ಸುಳ್ಳು ಯಾಕ ಹೇಳಿದಿ?"

"ನೀವು ಬಾಯಿ ಬಿಡ್ತೀರೇನಂತ ನೋಡಿದೆ. ಬಿಡ್ಲಿಲ್ಲ. ಅದಕ್ಕ ನಾನ ಹೇಳಿದೆ" ಎಂದು ಕಿಟಕಿಯ ಕಡೆ ತಿರುಗಿದಳು. ಹಗರಿಬೊಮ್ಮನಹಳ್ಳಿ ಬಂತು. ಅಲ್ಲಿ ಇಳಿದು ಚಹಾ ಕುಡಿಯೋಣವೇ ಎಂದೆ. ಸಕ್ಕರೆ ಇಲ್ಲದ್ದು ಎಂದಳು.

ಅವತ್ತಿನಿಂದ ನಾನು ಡಬ್ಬಿ ಮನೆಗೆ ತರಲಿಲ್ಲ. ಅಂಗಡಿಗೆ ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಂಡೆ, ಅವಳನ್ನು ಹೊಗೆಯಿಂದ ಬಿಡಿಸಿದೆ. ಬೆಳಿಗ್ಗೆ ಇಬ್ಬರೂ ಊರ ಹೊರಗಿನ ತನಕ ನಡೆದು ಬರುತ್ತಿದ್ದೆವು. ಸಂತೆಯಿಂದ ಸೊಪ್ಪು ತಂದು ನಾನೇ ಸೋಸಿ ಕೊಡುತ್ತಿದ್ದೆ. ನನ್ನ ಆತುರಕ್ಕೆ ಅಷ್ಟೂ ಸಾಲದೆ, ಔಷಧಿ ಅಂಗಡಿಯಲ್ಲಿ ಆಂಟಿ ಆಕ್ಸಿಡೆಂಟ್ ಎಂದು ಬರೆದಿದ್ದ ಪುಡಿಯ ದೊಡ್ಡ ಡಬ್ಬವನ್ನೇ ತಂದೆ. ಡಾಕ್ಟರು ನೋಡಿ, "ಇದನ್ನು ಎತ್ತಿಡಿ. ಜಾಸ್ತಿ ತಿಂದಷ್ಟೂ ಒಳ್ಳೇದು ಅಂತೇನಿಲ್ಲ. ಊಟದಲ್ಲಿ ಬರಲಿ, ಮಾತ್ರೆ ತಪ್ಪಿಸಬೇಡಿ" ಎಂದರು. ಹಸಿ ಸೊಪ್ಪು ಅಗಿಯುತ್ತ ಅವಳು "ಈಗ ಮ್ಯಾಕಿ ಯಾರ್ರಿ?" ಎಂದಳು, ನಾನೂ ಅವಳ ಎದುರಿಗೆ ಕೂತು ಅಗಿಯುತ್ತಿದ್ದೆನಲ್ಲ. ಸಕ್ಕರೆ ಇಳಿಯಿತು. ಅವಳ ಮುಖಕ್ಕೆ ಕಳೆ ಬಂತು. ಆ ಏಳೆಂಟು ತಿಂಗಳಿನಷ್ಟು ನಾವು ಒಟ್ಟಿಗೆ ಕೂತು ಉಂಡದ್ದು ಮದುವೆಯಾದ ಮೇಲೆ ಎಂದೂ ಇರಲಿಲ್ಲ. ಗೆದ್ದೆವು ಎಂದು ನಾನು ನಂಬಿಬಿಟ್ಟೆ.

ಆಮೇಲೆ ಕಾಲು ಬಾತವು. ಹೊಟ್ಟೆಯಲ್ಲಿ ನೀರು ತುಂಬಿತು. ಲಿವರ್ ಒಳಗೊಳಗೇ ಬಹಳ ವರ್ಷದಿಂದ ಕೆಡುತ್ತ ಬಂದಿತ್ತಂತೆ. ನಾವು ಎಚ್ಚೆತ್ತದ್ದು ತಡವಾಗಿತ್ತು. ನೀರು ತೆಗೆಸುವುದು, ಮತ್ತೆ ತುಂಬುವುದು, ಮತ್ತೆ ಹೊಸಪೇಟೆಯ ಬಸ್ಸು. ಹಿಂಗಾರಿ ಜೋಳ ತೆನೆ ಬಿಡುವ ಹೊತ್ತಿಗೆ ಹೋಗಿಬಿಟ್ಟಳು. ಕೊನೆಯ ವಾರ ಅವಳಿಗೆ ನನ್ನ ಗುರುತು ಒಮ್ಮೆ ಸಿಗುತ್ತಿತ್ತು, ಒಮ್ಮೆ ಸಿಗುತ್ತಿರಲಿಲ್ಲ. ಆ ನೆನಪು ಬಂದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ತಿಂಗಳು ಕಳೆದ ಮೇಲೆ ಒಬ್ಬನೇ ಡಾಕ್ಟರರ ಹತ್ತಿರ ಹೋದೆ. ಪಾಳಿಯಲ್ಲಿ ಕೂತು, ಒಳಗೆ ಬೆಂಚಿನ ಮೇಲಿದ್ದವರೆಲ್ಲ ಕೇಳುವಂತೆಯೇ ಹೇಳಿದೆ. "ಅವತ್ತು ಹೊಸಾ ಎಣ್ಣಿ ಅಂದಿದ್ದು ಸುಳ್ರಿ ಸರ. ಅಂಗಡ್ಯಾಗ ಕರಿದು ಉಳಿದ ಎಣ್ಣಿ. ಇಪ್ಪತ್ತು ವರ್ಷ ನಾನ ತಂದುಕೊಟ್ಟೆ." ಅವರು ಪೆನ್ನು ಕೆಳಗಿಟ್ಟು, "ಎಣ್ಣೆಯೊಂದರಿಂದಲೇ ಹೀಗಾಯ್ತು ಅಂತ ಯಾರೂ ಹೇಳೋಕಾಗಲ್ಲ. ವಂಶ, ನಿದ್ದೆ, ಊಟ, ದುಡಿತ, ಎಲ್ಲ ಸೇರಿರುತ್ತೆ. ಅದನ್ನೇ ಹಚ್ಚಿಕೊಂಡು ಕೊರಗಬೇಡಿ" ಎಂದರು. ಬೈಸಿಕೊಳ್ಳಲು ಹೋದವನಿಗೆ ಸಮಾಧಾನ ಸಿಕ್ಕಿತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಬಸ್ಸು ಹತ್ತಿದೆ.

ಆದರೆ ಹೊಸದೊಂದು ಭಯ ಹಿಡಿಯಿತು. ಆ ಮನೆಯ ಅನ್ನ ಉಂಡವರು ಮೂವರು. ನನ್ನದು ಹೋಗಲಿ, ಮಗಳ ಗತಿ ಏನು? ಮುಂದಿನ ಹುಣ್ಣಿಮೆಗೆ ಅವಳು ಹಡಗಲಿಯಿಂದ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ರಕ್ತ ತಪಾಸಣೆ ಮಾಡಿಸಿಕೋ, ನಿನ್ನ ಹೊಟ್ಟೆಗೂ ಅದೇ ಎಣ್ಣೆ ಹಾಕಿದ್ದೇನೆ ಎಂದೆ.

ಮಗಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನಾವೆಲ್ಲಿ ಉಂಡೀವಪ್ಪಾ ಅದನ್ನ?"

ನನಗೆ ಅರ್ಥವಾಗಲಿಲ್ಲ.

"ನೀನು ತಾಟು ಒಗದ ಮ್ಯಾಲಿಂದ ಅವ್ವ ಬ್ಯಾರೆ ಬ್ಯಾರೆ ಮಾಡ್ತಿದ್ಲಲ್ಲ. ನಿನಗ, ನನಗ ಮಾಮನ ಮನಿ ಶೇಂಗಾ ಎಣ್ಣಿ. ತನಗ ಸಣ್ಣ ಬೋಗುಣ್ಯಾಗ ಆ ಕರೇ ಎಣ್ಣಿ. ಯಾಕಬೇ ಅಂತ ಕೇಳಿದ್ರ, ಚೆಲ್ಲಾಕ ಬರತೈತೇನು, ನಾ ಒಬ್ಬಾಕಿ ಉಂಡು ತೀರಿಸ್ತೀನಿ ಅಂತಿದ್ಲು."

ತಂಬ್ರಹಳ್ಳಿಯಿಂದ ನನ್ನ ಹೆಂಡತಿಯ ಅಣ್ಣ ವರ್ಷಕ್ಕೆರಡು ಸಲ ತಂದಿಡುತ್ತಿದ್ದ ಗಾಣದೆಣ್ಣೆ ದೇವರ ದೀಪಕ್ಕೆ ಹೋಗುತ್ತದೆ ಎಂದೇ ನಾನು ತಿಳಿದಿದ್ದೆ. ಹೊಸ್ತಿಲು ಹಿಡಿದು ಅಲ್ಲಿಯೇ ಕೂತೆ. "ನನಗ್ಯಾಕ ಒಂದು ಮಾತು ಹೇಳಲಿಲ್ಲವ್ವಾ ನೀನು?" ಎಂದೆ.

ಮಗಳು ಹಂಚಿನ ಕಡೆ ಮುಖ ಮಾಡಿಕೊಂಡು, "ನೀನ ಅವ್ವಗ ಹಂಗ ಮಾಡಂತ ಹೇಳಿದ್ದಿ ಅಂತ ತಿಳ್ಕಂಡಿದ್ನೆಪ್ಪಾ" ಎಂದಳು.

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಎನ್ನಲಿಲ್ಲ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.