ಬಚ್ಚಲ ಮೂಲೆಯ ನೀರು

ಇದನ್ನು ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಮಾತನ್ನು ಬೇರೆ ಕಡೆ ತಿರುಗಿಸಿಬಿಟ್ಟಿದ್ದೇನೆ. ಹೋದ ವಾರ ಆ ದಾರಿಯೂ ಮುಚ್ಚಿತು. ದಿಲ್ಲಿಯ ಲಕ್ಷ್ಮೀ ನಗರದ ನಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಲು ಬಂದ ಮಿಸ್ತ್ರಿ, ಮೂಲೆಯಲ್ಲಿದ್ದ ಹಸಿರು ಪ್ಲಾಸ್ಟಿಕ್ ಮ್ಯಾಟನ್ನು ಎರಡು ಬೆರಳಲ್ಲಿ ಎತ್ತಿ ಹೊರಗೆಸೆದ. ಅದರಡಿಯ ಪಾಚಿಯ ವಾಸನೆ ಅಡುಗೆಮನೆಯವರೆಗೂ ಬಂತು.

ನನ್ನ ಬುದ್ಧಿ ಎಂಥದೆಂದು ನಿಮಗೆ ಮೊದಲೇ ತಿಳಿದಿರಲಿ. ನಾನು ಹೋಟೆಲಿನ ಗಲ್ಲಾದಲ್ಲಿ ಕೂತೇ ಮುದುಕನಾದವನು. ಎಸ್ಸೆಸ್ಸೆಲ್ಸಿ ಕಲಿಸದೆ ಬಿಟ್ಟದ್ದನ್ನೆಲ್ಲ ಆ ಗಲ್ಲಾ ಕಲಿಸಿತು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ. ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ. ಸಿಮೆಂಟು ಕದ್ದಾನೆಂದು ಮಿಸ್ತ್ರಿಯ ಬೆನ್ನಿಗೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ.

ನೆಲದ ಏರುತಗ್ಗು ನೋಡಲು ಅವನು ಒಂದು ಬಕೆಟ್ ನೀರು ಸುರಿದ. ನೀರು ಹೊರಹೋಗುವ ಜಾಲಿಯ ಕಡೆ ಹರಿಯದೆ, ಹಿಂದಕ್ಕೆ ಬಂದು ಮ್ಯಾಟ್ ಇದ್ದ ಮೂಲೆಯಲ್ಲಿ ನಿಂತಿತು. "ಬಾಬೂಜಿ, ಗಡ್ಢಾ ಯಹಾಂ ಹೈ," ಎಂದ. ತಗ್ಗು ಇರುವುದು ಇಲ್ಲೇ ಅಂತೆ. ಬೇಕೆಂದೇ ಆ ಕಡೆ ಸುರಿದನೋ ಏನೋ! ಇನ್ನೊಂದು ಬಕೆಟ್ಟನ್ನು ನಾನೇ ಸುರಿದೆ. ಅದೂ ಅಲ್ಲಿಗೇ ಹೋಯಿತು.

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಯ ಚಿಕ್ಕಮ್ಮ ಉಡುಪಿ ಕಡೆಯಿಂದ ಬಂದು ನಮ್ಮ ಜೊತೆ ಇದ್ದರು. ತಾಯಿಯಿಲ್ಲದ ಇವಳನ್ನು ಸಾಕಿದವರು. ಇನ್ನು ಇಲ್ಲೇ ಇರಲಿ ಎಂದು ಇವಳಿಗೆ ಆಸೆ. ಅವರು ಬಚ್ಚಲಿಗೆ ಹೋಗಿಬಂದ ಮೇಲೆ ಮೂಲೆಯಲ್ಲಿ ನೀರು ನಿಂತಿರುತ್ತಿತ್ತು. ವಯಸ್ಸಾಗಿದೆ, ತಡೆಯಲಾಗದೆ ಅಲ್ಲೇ ಮಾಡಿಕೊಳ್ಳುತ್ತಾರೆ ಎಂದು ತೀರ್ಮಾನಿಸಿದೆ. ಒಂದು ದಿನ ಊಟಕ್ಕೆ ಕೂತಾಗ, ಚೆನ್ನಾಗಿ ನೀರು ಹಾಕಿ ಬನ್ನಿ, ನಾವೂ ಅಲ್ಲಿಗೇ ಹೋಗಬೇಕಲ್ಲ, ಎಂದುಬಿಟ್ಟೆ.

ಚಿಕ್ಕಮ್ಮ ತಟ್ಟೆಯಿಂದ ಕೈ ತೆಗೆಯದೆ ಹೇಳಿದರು: "ಅದು ನೀರು ಮಾರಾಯ್ರೆ. ಬರೀ ನೀರು."

ಮರುದಿನದಿಂದ ಹಳೆಯ ಸೀರೆಯ ತುಂಡು ಹಿಡಿದು ಆ ಮೂಲೆಯನ್ನು ಒರೆಸತೊಡಗಿದರು. ಮಾಡದವರು ಒರೆಸುವುದೇಕೆ ಎಂದು ನನ್ನ ತರ್ಕ. ಸಂಜೆಯ ಕಾಫಿ ಬಿಟ್ಟರು. ಆಮೇಲೆ ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ನೋಡು, ಒಪ್ಪಿಕೊಂಡ ಹಾಗಾಯಿತು, ಎಂದು ಇವಳ ಕಿವಿಯಲ್ಲಿ ಹೇಳಿದೆ. ದಿಲ್ಲಿಯ ಚಳಿ ಆಗಿಬರುವುದಿಲ್ಲ ಎಂದು ಚಿಕ್ಕಮ್ಮ ಊರಿಗೆ ಹೊರಟಾಗ ಚಳಿ ಶುರುವೇ ಆಗಿರಲಿಲ್ಲ. ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮುಂದಿನ ವರ್ಷ ತೀರಿಕೊಂಡರು.

ಮಿಸ್ತ್ರಿ ಆ ತಗ್ಗಿನ ಸುತ್ತ ಕರಣೆಯಿಂದ ಗೆರೆ ಗೀಚುತ್ತಿದ್ದಾಗ ಇವಳು ಬಾಗಿಲಿಗೆ ಬಂದು ನೋಡಿದಳು.

"ಚಿಕ್ಕಮ್ಮ ಒರೆಸ್ತಿದ್ದ ಜಾಗ ಅಲ್ವಾ ಇದು? ಪಾಪ, ನಮಗೆ ಗೊತ್ತೇ ಆಗಲಿಲ್ಲ."

ನಮಗೆ, ಎಂದಳು. ನನ್ನ ತಪ್ಪಿನಲ್ಲಿ ತಾನೂ ಪಾಲು ತೆಗೆದುಕೊಂಡಳು. ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಚಿಕ್ಕಮ್ಮ ಹೊರಟ ಮರುದಿನವೇ, ನಾನು ಸ್ನಾನ ಮುಗಿಸಿ ತಿರುಗಿದರೆ, ಆ ಮೂಲೆಯಲ್ಲಿ ನೀರು ನಿಂತಿತ್ತು. ನನ್ನದೇ ಸ್ನಾನದ ನೀರು; ಅದುವರೆಗೆ ನನ್ನ ಸ್ನಾನದ ನಂತರ ಆ ಮೂಲೆ ನೋಡಿದವನೇ ಅಲ್ಲ. ದಾಟಿಕೊಂಡು ಬಂದೆ. ಸಂಜೆ ಬಜಾರಿನಿಂದ ಹಸಿರು ಮ್ಯಾಟ್ ತಂದು ಹಾಸಿದೆ. ನೀನು ಜಾರಬಾರದಲ್ಲ, ಎಂದು ಇವಳಿಗೆ ಹೇಳಿದ್ದೆ. ಗಂಡನಿಗೆ ಎಷ್ಟು ಕಾಳಜಿ ಎಂದು ಇವಳು ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡಿದ್ದಳು.

"ನನಗೆ ಗೊತ್ತಿತ್ತು," ಎಂದೆ. ಮ್ಯಾಟಿನ ವಿಷಯವನ್ನೂ ಹೇಳಿದೆ. ಕನ್ನಡ ಬಾರದ ಮಿಸ್ತ್ರಿ ಯಾಕೋ ಕೈಯಲ್ಲಿದ್ದ ಕೆಲಸ ನಿಲ್ಲಿಸಿದ.

ಈಗ ತಗ್ಗು ತುಂಬಿ, ಜಾಲಿಯ ಕಡೆಗೆ ಇಳಿಜಾರು ಮಾಡಿ, ಮೇಲೆ ಬಿಳಿ ಟೈಲ್ಸ್ ಕೂರಿಸಿದ್ದಾಗಿದೆ. ನೀರು ಎಲ್ಲೂ ನಿಲ್ಲುವುದಿಲ್ಲ. ಆದರೂ ಸ್ನಾನ ಮುಗಿಸಿ ಬರುವಾಗ ನನ್ನ ಕಾಲು ಆ ಮೂಲೆಯನ್ನು ದಾಟಲು ಉದ್ದಕ್ಕೆ ಚಾಚಿಕೊಳ್ಳುತ್ತದೆ. ಇವಳು ಬೇಕಾದಷ್ಟೇ ಮಾತಾಡುತ್ತಾಳೆ. ನಿನ್ನೆ ಸಂಜೆ ಕಾಫಿ ಲೋಟವನ್ನು ಮುಂದಿಟ್ಟು ಒಂದೇ ಮಾತು ಕೇಳಿದಳು: "ಅವರ ಹೆಸರಾದರೂ ಗೊತ್ತಾ ನಿಮಗೆ?"

ಗೊತ್ತಿತ್ತು. ಯಾವಾಗಲೂ ಚಿಕ್ಕಮ್ಮ ಎಂದೇ ಕರೆದವನಿಗೆ ಹೆಸರು ಬೇಕಾದದ್ದು ಒಂದೇ ಸಲ. ಊರಿಗೆ ಹೋಗುತ್ತೇನೆ ಎಂದು ಅವರು ಬಾಯಿಬಿಟ್ಟ ದಿನವೇ ನಾನು ಓಡಿಹೋಗಿ ಟಿಕೆಟ್ ಮಾಡಿಸಿದೆನಲ್ಲ, ಆಗ.

ಕಮಲಾಕ್ಷಿ.