ಸ್ಟೇರಿಂಗ್ ಮೇಸ್ತ್ರಿಯ ಅಂಜಿಕೆ

ನಮ್ಮ ಮೇಸ್ತ್ರಿಯ ಬಲಗಿವಿಯ ಮುಂದೆ ರೂಪಾಯಿ ಅಗಲದ ಒಂದು ಕರಿ ಕಲೆ ಇತ್ತು. ಹುಟ್ಟುಮಚ್ಚೆಯಲ್ಲ, ಎಣ್ಣೆಯ ಕಲೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸ್ಟೇರಿಂಗ್ ಡಬ್ಬಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುವುದು ಅವರ ರೂಢಿ. ವರ್ಷಾನುಗಟ್ಟಲೆ ಹಾಗೆ ಕೇಳಿ ಕೇಳಿ ಆ ಕಲೆ ಯಾವ ಸೋಪಿಗೂ ಜಗ್ಗದಂತೆ ಅಲ್ಲೇ ಮನೆ ಮಾಡಿತ್ತು. ಹಣೆಯ ಮೇಲೆ ಬೆಳಗಿನ ವಿಭೂತಿ, ಕಿವಿಯ ಮುಂದೆ ಈ ಮಸಿ. ಮಧ್ಯಾಹ್ನದ ಹೊತ್ತಿಗೆ ರಾಯಚೂರಿನ ಬಿಸಿಲಿಗೆ ಬೆವರಿಳಿದು ಎರಡೂ ಒಂದಾಗುತ್ತಿದ್ದವು.

ಅವರಷ್ಟು ಅಂಜುಬುರುಕ ಮನುಷ್ಯನನ್ನು ನಾನು ಕಂಡಿಲ್ಲ. ನಾಯಿಗೆ ಅಂಜುತ್ತಿದ್ದರು, ಗುಡುಗಿಗೆ ಅಂಜುತ್ತಿದ್ದರು, ಸೂಜಿಮದ್ದು ಎಂದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಹಲ್ಲಿ ಲೊಚಗುಟ್ಟಿದರೆ ನಟ್ಟು ಬಿಚ್ಚಲು ಎತ್ತಿದ ಪಾನಾ ಕೆಳಗಿಟ್ಟುಬಿಡುತ್ತಿದ್ದರು. ಹುಟ್ಟಿದಾಗಿನಿಂದ ಗಾಡಿಗಳ ಹೊಟ್ಟೆಯ ಕೆಳಗೇ ಬದುಕಿದ ಈ ಮನುಷ್ಯನಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ, ಕಲಿಯುವ ಧೈರ್ಯವೂ ಆಗಲಿಲ್ಲ. ಮನೆ ಮಾನ್ವಿಯಲ್ಲಿ, ಶೆಡ್ಡು ರಾಯಚೂರಿನ ಹೊರವಲಯದಲ್ಲಿ. ದಿನಾ ಬಸ್ಸಿನಲ್ಲೇ ಓಡಾಟ. ಅದರಲ್ಲೂ ಡ್ರೈವರನ ಹಿಂದಿನ ಸೀಟೇ ಆಗಬೇಕು, ದಾರಿಯುದ್ದಕ್ಕೂ ಅವನ ಕೈ ನೋಡುತ್ತ ಕೂಡಲಿಕ್ಕೆ.

ಆ ಶೆಡ್ಡು ಸಾಲಿನ ಉಳಿದ ಮೇಸ್ತ್ರಿಗಳದೆಲ್ಲ ಒಂದೇ ಮಂತ್ರ: "ಏನೂ ಆಗಂಗಿಲ್ಲ, ಹೋಗ್ರಿ." ಗಿರಾಕಿಗೂ ಬೇಕಾದ ಮಾತು ಅದೇ ತಾನೆ. ನಮ್ಮ ಮೇಸ್ತ್ರಿಯ ಬಾಯಿಂದ ಮಾತ್ರ ಆ ಮಾತು ಬರುತ್ತಿರಲಿಲ್ಲ. ಕೆಲಸವೆಲ್ಲ ಮುಗಿದು ಬಾನೆಟ್ ಮುಚ್ಚಿದ ಮೇಲೂ ಕೈ ಒರೆಸಿಕೊಳ್ಳುತ್ತ, "ನನಗ ಯಾಕೋ ಅಂಜಿಕಿ ಬರಾಕತ್ತದ, ಇವತ್ತೊಂದಿನ ಗಾಡಿ ಇಲ್ಲೇ ಇರ್ಲಿ" ಅನ್ನುವರು. ಗಿರಾಕಿ ಬಯ್ದುಕೊಂಡು ಹೋಗುತ್ತಿದ್ದ. ಅಕ್ಕಪಕ್ಕದವರು ನಗುತ್ತಿದ್ದರು. ನಾನೂ ನಕ್ಕವನೇ, ನನ್ನ ಪಾಲಿನ ಅಂಜಿಕೆ ಬಂದು ಎದೆಯ ಮೇಲೆ ಕೂಡುವವರೆಗೆ.

ನನ್ನದು ಹಳೆಯ ಫೋರ್ ವೀಲ್ ಗಾಡಿ, ಹಿಂದೆ ಸಾಮಾನು ಹೇರುವ ತೊಟ್ಟಿ ಇದ್ದದ್ದು. ಎರೆಹೊಲದಲ್ಲಿ ಒಂದು ಮಳೆ ಬಿತ್ತೆಂದರೆ ಟ್ರ್ಯಾಕ್ಟರ್ ಬಿಟ್ಟರೆ ಇಂಥ ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಗತಿ. ಗೂಗಲ್ ಊರಿನ ಕಡೆಯ ಹೆಣ್ಣುಮಕ್ಕಳನ್ನು ಹತ್ತಿ ಬಿಡಿಸಲು ದೇವದುರ್ಗದ ಸುತ್ತಿನ ಹೊಲಗಳಿಗೆ, ನಾಟಿಯ ಕಾಲಕ್ಕೆ ಚೀಕಲಪರ್ವಿಯ ಗದ್ದೆಗಳಿಗೆ ಒಯ್ಯುತ್ತಿದ್ದೆ. ಸಾಮಾನು ಗಾಡಿಯಲ್ಲಿ ಮಂದಿಯನ್ನು ಹೇರಬಾರದೆಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬೇರೆ ಗಾಡಿ ಆ ಹೊಲಕ್ಕೆ ಬರುವುದಿಲ್ಲವೆಂಬುದೂ ಇಬ್ಬರಿಗೂ ಗೊತ್ತಿತ್ತು. ಹೊಲಕ್ಕೆ ಹೋಗುವ ದಾರಿ ಕಾಲುವೆಯ ದಂಡೆ. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಇಳಿಜಾರು, ನಡುವೆ ಒಂದು ಗಾಡಿಯ ಅಗಲ.

ಗುಂಪಿನ ಹಿರಿಯಳು ಮುಂದೆ ನನ್ನ ಪಕ್ಕದಲ್ಲಿ ಕೂಡುತ್ತಿದ್ದಳು. ಎಲ್ಲರಿಗೂ ಯವ್ವ, ನನಗೂ ಯವ್ವ. ಯಾರು ಯಾವ ಸಾಲು ಹಿಡಿಯಬೇಕು, ಬಸುರಿ ಹೆಂಗಸು ಎಷ್ಟು ಹೊತ್ತಿಗೆ ನೆರಳಿಗೆ ಹೋಗಬೇಕು, ಎಲ್ಲದಕ್ಕೂ ಆಕೆಯ ಮಾತೇ ಕೊನೆ. ಆ ವರ್ಷ ಬೇರೆಲ್ಲೋ ಕೂಲಿ ಗಾಡಿಯೊಂದು ಕಾಲುವೆಗೆ ಉರುಳಿತೆಂಬ ಸುದ್ದಿ ಬಂತು. ಸುದ್ದಿ ಕೇಳಿದಾಗಿನಿಂದ ಯವ್ವನಿಗೆ ಅನ್ನ ಸೇರಲಿಲ್ಲ. ಅಮಾವಾಸ್ಯೆಯ ದಿನ ನಾನು ಗಾಡಿ ತೊಳೆದು ಕಾಯಿ ಒಡೆದ ಮೇಲೆ ಆಕೆ ಕೆಂಪು ಬಟ್ಟೆಯ ಒಂದು ಗಂಟು ತಂದಳು. ಒಳಗೆ ಗೂಗಲ್ ಅಲ್ಲಮಪ್ರಭುವಿನ ಗುಡಿಯ ವಿಭೂತಿ, ಒಂದು ಅರಿಸಿನ ಕೊಂಬು, ಕೃಷ್ಣೆಯ ದಂಡೆಯಿಂದ ಆರಿಸಿ ತಂದ ಒಂದು ಗುಂಡುಕಲ್ಲು.

"ನಿನ್ನ ಕೈ ಯಾವ ಕಬ್ಬಣದ ಮ್ಯಾಲೆ ಇರ್ತದಲ್ಲ, ಅದಕ್ಕ ಕಟ್ಟಬೇಕು ನೋಡು ತಮ್ಮಾ" ಎಂದಳು.

ಬಾನೆಟ್ ತೆಗೆದು, ಸ್ಟೇರಿಂಗಿನಿಂದ ಕೆಳಗೆ ಡಬ್ಬಿಗೆ ಹೋಗುವ ಕಬ್ಬಿಣದ ರಾಡು ತೋರಿಸಿದೆ. ಅದಕ್ಕೇ ಕಟ್ಟಿದಳು. ಅಂದಿನಿಂದ ಒಂದು ಕಟ್ಟಳೆಯೂ ಬಂತು. ಗಾಡಿ ರಿಪೇರಿಗೆ ಹೋಗುವಾಗ ಎಣ್ಣೆಗೈ ಸೋಕಬಾರದೆಂದು ಯವ್ವ ಗಂಟು ಬಿಚ್ಚಿ ತನ್ನ ದೇವರ ಜಗಲಿಯ ಮೇಲೆ ಇಡುವಳು. ಗಾಡಿ ಬಂದ ಮೇಲೆ ಊದಿನಕಡ್ಡಿ ಬೆಳಗಿ ಮತ್ತೆ ಅಲ್ಲಿಯೇ ಕಟ್ಟುವಳು.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ, ತೊಟ್ಟಿಯ ತುಂಬ ಹೆಣ್ಣುಮಕ್ಕಳನ್ನು ಹೊತ್ತು ದಂಡೆಯ ತಿರುವಿನಲ್ಲಿ ಬಲಕ್ಕೆ ತಿರುಗಿಸುತ್ತಿದ್ದೆ. ಸ್ಟೇರಿಂಗ್ ಹಿಡಿದುಕೊಂಡಿತು. ಕೆಳಗಿನಿಂದ ಯಾರೋ ಮುಷ್ಟಿಯಲ್ಲಿ ಹಿಡಿದಂತೆ. ಎಡಕ್ಕಿದ್ದ ನೀರು ಗಾಜಿನ ತುಂಬ ಬಂತು. ಬ್ರೇಕು ಒತ್ತಿ, ಒಂದಿಷ್ಟು ಎಡಕ್ಕೆ ಬಿಟ್ಟು ಮತ್ತೆ ಎಳೆದೆ, ಬಿಟ್ಟುಕೊಂಡಿತು. ಹಿಂದಿದ್ದವರು ಬ್ರೇಕಿಗೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಯವ್ವ ನಗಲಿಲ್ಲ. ನನ್ನ ಕೈ ನೋಡುತ್ತಿದ್ದಳು.

"ಏನಾತು ತಮ್ಮಾ?"

"ಏನಿಲ್ಲವ್ವ, ಜರಾ ಭಾರ ಆತು" ಎಂದೆ.

ಮೊದಲು ಹತ್ತಿರದ ಶೆಡ್ಡಿಗೇ ಹೋದೆ. ಎಣ್ಣೆ ಸುರಿದರು, ಬೆಲ್ಟು ಬಿಗಿದರು, ಏನೂ ಆಗಂಗಿಲ್ಲ ಎಂದರು. ಆ ಮಾತು ಕೇಳಿ ನನಗೆ ಮೊದಲ ಬಾರಿಗೆ ಚಳಿ ಬಂದಂತಾಯಿತು. ಸೀದಾ ರಾಯಚೂರಿಗೆ ಹೋಗಿ, ಯಾರನ್ನು ನೋಡಿ ನಗುತ್ತಿದ್ದೆನೋ ಆ ಮೇಸ್ತ್ರಿಯ ಮುಂದೆ ನಿಂತೆ.

ಅವರು ಪಾನಾ ಮುಟ್ಟಲಿಲ್ಲ. ಮೊದಲು ಚಹಾ ತರಿಸಿದರು, ಆಮೇಲೆ ಕೇಳುತ್ತ ಹೋದರು. ಎಡಕ್ಕೋ ಬಲಕ್ಕೋ? ಗಾಡಿ ತಣ್ಣಗಿದ್ದಾಗಲೋ ಕಾದ ಮೇಲೋ? ಪಂಪು ಕೊಂಯ್ ಎಂದಿತೋ? ಕೊನೆಗೆ, "ಭಾರ ಆತೋ, ನಿಂತೇ ಬಿಟ್ತೋ? ಹುಷಾರಾಗಿ ನೆನಸ್ಕೊಂಡು ಹೇಳು. ಭಾರ ಆದ್ರ ಎಣ್ಣಿ ಕೆಲಸ. ನಿಂತ್ರ ಕಬ್ಬಣದ ಕೆಲಸ" ಎಂದರು. ಯವ್ವನಿಗೆ ಹೇಳಿದ ಮಾತೇ ಬಾಯಿಗೆ ಬಂತು. ಭಾರ ಆತು ಎಂದೆ. ಅಂಜಿದವನು ತನಗಾದದ್ದನ್ನು ಚಿಕ್ಕದು ಮಾಡಿಯೇ ಹೇಳುತ್ತಾನೆ, ಅದು ಮನುಷ್ಯನ ಗುಣ.

ಅವರು ಎಣ್ಣೆಯ ದಾರಿ ಹಿಡಿದರು. ಎಣ್ಣೆಯಲ್ಲಿ ನೊರೆ ಇತ್ತು, ಪೈಪಿನ ಒಳಪದರ ಹರಿದಿತ್ತು. ಎರಡನ್ನೂ ಬದಲಿಸಿದರು. ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಎಲ್ಲ ಸರಿಯಿದ್ದರೂ ಅವರ ಮುಖ ಗೆಲುವಾಗಲಿಲ್ಲ.

"ಗಾಡಿ ಚಲೋ ಅದ. ಆದ್ರ ನನ್ನ ಅಂಜಿಕಿ ಇನ್ನಾ ಹೋಗವಲ್ದು. ಸ್ವಲ್ಪ ದಿನ ಮಂದಿ ಬ್ಯಾಡ, ಬರೇ ಹತ್ತಿ ಚೀಲ ಹೇರು."

ಆ ಮಾತೊಂದನ್ನು ನಾನು ಪಾಲಿಸಿದೆ. ಯವ್ವ ಗಂಟು ಮತ್ತೆ ಕಟ್ಟಿದಳು. ಹೆಣ್ಣುಮಕ್ಕಳು ಬಯ್ದುಕೊಳ್ಳುತ್ತ ನಡೆದು ಹೋದರು. ಬರೀ ಚೀಲ ಹೇರಿಕೊಂಡು ಓಡಾಡುತ್ತಿದ್ದ ಒಂದು ದಿನ ಅದೇ ದಂಡೆಯ ಮೇಲೆ ಸ್ಟೇರಿಂಗ್ ಮತ್ತೆ ನಿಂತಿತು. ಈ ಸಲ ಮುಂಗಾಲಿ ಅಂಚಿಗೆ ಬಂದು, ಮಣ್ಣಿನ ಹೆಂಟೆಗಳು ನೀರಿಗೆ ಬೀಳುವ ಸದ್ದು ಕೇಳಿಸಿತು. ಕೈಬ್ರೇಕು ಎಳೆದೆ. ಕೂತಲ್ಲಿಂದಲೇ ಫೋನು ಮಾಡಿದೆ.

"ಮೇಸ್ತ್ರಿ, ಮತ್ತ ಹಿಡಿಕೊಂತು."

"ಭಾರ ಆತೋ, ನಿಂತೇ ಬಿಟ್ತೋ?"

"ನಿಂತೇ ಬಿಟ್ತುರಿ."

"ಗಾಡಿ ಬಿಟ್ಟು ದೂರ ಬಂದು ನಿಂದ್ರು. ಮುಟ್ಟಬ್ಯಾಡ. ನಾ ಬರ್ತೀನಿ."

ಬಸ್ಸು ಹಿಡಿದು, ಅಲ್ಲಿಂದ ಯಾರದೋ ಬೈಕಿನ ಹಿಂದೆ ಕಣ್ಣು ಮುಚ್ಚಿ ಕೂತು ಬಂದರು. ಹೊಲದಿಂದ ಹೆಣ್ಣುಮಕ್ಕಳೂ ಓಡಿಬಂದಿದ್ದರು. ಮೇಸ್ತ್ರಿ ನೀರಿನ ಕಡೆ ನೋಡದೆ, ಗಾಡಿಯನ್ನು ಹಿಡಿದುಕೊಂಡೇ ಒಂದೊಂದು ಹೆಜ್ಜೆ ಇಟ್ಟು ಬಾನೆಟ್ಟಿನ ತನಕ ಬಂದರು. ಅಷ್ಟರಲ್ಲಿ ಯವ್ವ ಅವರನ್ನು ಸರಿಸಿಕೊಂಡು ಮುಂದೆ ಬಂದಳು.

"ತಡೀರಿ ಮೇಸ್ತ್ರಿ, ಗಂಟು ಬಿಚ್ಚಿಕೊಂತೀನಿ. ದೇವ್ರದು."

"ಯಾವ ಗಂಟು?"

"ರಾಡಿಗಿ ಕಟ್ಟೀನ್ರಿ. ಗಾಡಿ ನಿಮ್ಮ ಕೈಗಿ ಬರೂವಾಗೆಲ್ಲಾ ಬಿಚ್ಚಿಟ್ಟೀನಿ, ಒಂದ್ಸಲಾನೂ ಮೈಲಿಗಿ ಆಗಾಕ ಬಿಟ್ಟಿಲ್ಲ."

ಮೇಸ್ತ್ರಿ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದರು. ಸ್ವಲ್ಪ ಹೊತ್ತಿಗೆ ಎದ್ದು, "ಈಗ ಬಿಚ್ಚಬ್ಯಾಡ್ರಿ ಯವ್ವಾ, ಒಂದೀಟು ತಡೀರಿ" ಎಂದು ಗಂಟಿಗೆ ಕೈಮುಗಿದು ಗಾಡಿಯ ಕೆಳಗೆ ಸೇರಿದರು. ನೀರು ಅವರ ತಲೆಯಿಂದ ಒಂದು ಮಾರು ದೂರದಲ್ಲಿತ್ತು. ಅವರು ಹೇಳಿದ ಹಾಗೆ ನಾನು ಸ್ಟೇರಿಂಗನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದೆ. ದಂಡೆಯ ಕುಲುಕಾಟಕ್ಕೆ ಗಂಟು ರಾಡಿನ ಮೇಲಿಂದ ಜಾರಿ ಕೆಳಗಿನ ಜಾಯಿಂಟಿಗೆ ಬಂದಿತ್ತು. ಅರ್ಧ ಸುತ್ತು ತಿರುಗುವಷ್ಟರಲ್ಲಿ ಒಳಗಿನ ಗುಂಡುಕಲ್ಲು ಜಾಯಿಂಟಿಗೂ ಗಾಡಿಯ ಚೌಕಟ್ಟಾದ ಚಾಸಿಗೂ ನಡುವೆ ಸಿಕ್ಕಿಕೊಂಡಿತು. ಸ್ಟೇರಿಂಗ್ ಹಗುರ ಮಾಡುವ ಎಣ್ಣೆಯ ಪವರ್ ಇರುವುದು ಅದಕ್ಕೂ ಕೆಳಗಿನ ಡಬ್ಬಿಯಲ್ಲಿ. ಅದಕ್ಕಿಂತ ಮೇಲೆಯೇ ಸಿಕ್ಕಿಕೊಂಡರೆ ಎಣ್ಣೆ ಏನು ಮಾಡೀತು, ಪೈಪು ಏನು ಮಾಡೀತು. ಇನ್ನು ಶೆಡ್ಡಿಗೆ ಹೋದಾಗೆಲ್ಲ ಗಂಟೇ ಇರುತ್ತಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಬ್ಲೇಡು ಹಾಕಿ ಗಂಟು ಕಿತ್ತೆಸೆದು ನಾಲ್ಕು ಮಂದಿಯ ಮುಂದೆ ನಗುತ್ತಿದ್ದರು. ಮೇಸ್ತ್ರಿ ಹೊರಗೆ ಬಂದು ನನ್ನ ಕಿವಿಯಲ್ಲಿ, "ಹೆಣ್ಮಕ್ಕಳನ್ನ ಆ ಗಿಡದ ಕಡಿ ಕಳಸು" ಎಂದರು. ಹೆಣ್ಣುಮಕ್ಕಳು ದೂರ ಹೋದ ಮೇಲೆ ಮೇಸ್ತ್ರಿ ಯವ್ವನ ಮುಂದೆ ನಿಂತರು.

"ಯವ್ವಾ, ಒಂದ್ ಮಾತು ಹೇಳ್ತೀನಿ, ನೊಂದ್ಕೋಬ್ಯಾಡ್ರಿ. ಸ್ಟೇರಿಂಗ್ ಹಿಡಿಯಾಕತ್ತಿದ್ದು ಈ ಗಂಟಿಗಿ."

ಯವ್ವ ಬಾನೆಟ್ಟಿನೊಳಗೆ ಬಾಗಿ ಗಂಟು ಸಿಕ್ಕಿಕೊಂಡ ಜಾಗ ನೋಡಿದಳು. ಆಮೇಲೆ ಗಿಡದ ಕೆಳಗೆ ಕೂತ ಹೆಣ್ಣುಮಕ್ಕಳ ಕಡೆಗೊಮ್ಮೆ, ನೀರಿನ ಕಡೆಗೊಮ್ಮೆ ನೋಡಿದಳು. "ನನ್ನ ಕೈಯಾರೆ ಕಟ್ಟೀನಲ್ಲೋ ಯಪ್ಪಾ" ಎಂದಳು. ಅಂಥ ಮುಖವನ್ನು ನಾನು ಮತ್ತೆ ನೋಡಲಾರೆ.

"ನೀವು ಅಂಜಿ ಕಟ್ಟೀರಿ, ನಾನೂ ಅಂಜೇ ಬಿಚ್ಚಂತ ಹೇಳಾಕತ್ತೀನಿ" ಎಂದರು ಮೇಸ್ತ್ರಿ. "ನಿಮ್ಮ ಕೈಲೇ ಬಿಚ್ರಿ. ಒಳಗ ಗಾಜಿನ ಮ್ಯಾಲ್ಕಡಿ ಕಟ್ಟೂಣು, ಇವನ ಕಣ್ಮುಂದ ಇರ್ತದ. ಮತ್ತ ಈ ಮಾತು ನಮ್ಮ ಮೂವರೊಳಗ ಇರ್ಲಿ."

ಹಾಗೆಯೇ ಆಯಿತು. ಗಿಡದ ಕೆಳಗಿದ್ದವರಿಗೆ ಜಾಯಿಂಟ್ ಹೋಗಿತ್ತು ಎಂದು ಮೇಸ್ತ್ರಿ ಹೇಳಿದರು. ಆಮೇಲೆ ಗಾಡಿ ಶೆಡ್ಡಿಗೆ ತರಿಸಿ, ಆ ಮಾತಿಗೆ ಸಾಕ್ಷಿಯಾಗಲೆಂದು ಗಟ್ಟಿಮುಟ್ಟಾಗಿದ್ದ ಜಾಯಿಂಟನ್ನೇ ಬಿಚ್ಚಿ ಹೊಸದು ಹಾಕಿದರು. ಸಾಲಿನವರಿಗೆ ಹಬ್ಬವಾಯಿತು. ಸ್ಟೇರಿಂಗ್ ಮೇಸ್ತ್ರಿ ಅಂತ ಹೆಸರು, ಒಂದು ಜಾಯಿಂಟ್ ಹುಡುಕಲು ಎರಡು ಸಲ ಗಾಡಿ ಬಿಚ್ಚಿದ, ಗುಂಪೇ ನೀರು ಪಾಲಾಗುತ್ತಿತ್ತು ಎಂದರು. ಕೆಲವು ಗಿರಾಕಿಗಳು ಪಕ್ಕದ ಶೆಡ್ಡಿಗೆ ಹೋದರು. ಒಂದು ದಿನ ತಡೆಯದೆ ಶೆಡ್ಡಿಗೆ ಹೋದೆ. "ಹೇಳಿಬಿಡ್ಲ್ಯಾ ಮೇಸ್ತ್ರಿ?" ಎಂದರೆ, "ಆ ಯವ್ವನ ಮಾತು ಕೇಳಿ ಹೆಣ್ಮಕ್ಕಳು ಗಾಡಿ ಹತ್ತತಾರ. ನನ್ನ ಮಾತು ಯಾರು ಕೇಳ್ತಾರ, ಹೋಗಲೇ" ಎಂದು ಗಾಡಿಯ ಕೆಳಗೆ ಜಾರಿದರು.

ಮತ್ತೆ ಮಂದಿ ಹೇರುವ ಮೊದಲು ದಂಡೆಯ ಮೇಲೆ ಮೇಸ್ತ್ರಿ ತಾವೂ ಒಂದು ಸಲ ಬಂದರು. ನೀರಿನ ಕಡೆಯ ಸೀಟಿನಲ್ಲೇ ಕೂತು, ಬಾಗಿಲನ್ನು ಅರ್ಧ ತೆರೆದು ಹಿಡಿದುಕೊಂಡಿದ್ದರು. ಯಾಕೆಂದು ಕೇಳಿದೆ. "ಜಿಗ್ಯಾಕ" ಎಂದರು. ಆ ಕಡೆ ಜಿಗಿದರೆ ನೀರೇ ಮೇಸ್ತ್ರಿ ಎಂದೆ, ಈಜು ಬರುತ್ತದೋ ಎಂದೂ ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು, ಬಾಗಿಲು ಮಾತ್ರ ಬಿಡಲಿಲ್ಲ. ನನ್ನಿಂದ ಗಾಡಿಯನ್ನು ತಿರುವು ದಾಟಿಸಿ, ಹಿಂದಕ್ಕೆ ತರಿಸಿ, ಮತ್ತೊಮ್ಮೆ ದಾಟಿಸಿದರು. ಆ ಸಾಲಿನ ಅಂಜದ ಮೇಸ್ತ್ರಿಗಳು ಯಾರೂ ಅವತ್ತು ನನ್ನ ಪಕ್ಕದಲ್ಲಿ ಕೂತಿರಲಿಲ್ಲ.

ಹೋದ ವರ್ಷ ಅವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಅಂಜಿ ಹೊಟ್ಟೆಯುಬ್ಬರ ಎಂದು ಸೋಡಾ ಕುಡಿಯುತ್ತ ದಿನ ತಳ್ಳಿದರು. ತನಗಾದದ್ದನ್ನು ಅವರೂ ಚಿಕ್ಕದು ಮಾಡಿಯೇ ಹೇಳಿದರು. ತೀರಿಕೊಂಡ ಸುದ್ದಿ ಬಂದ ದಿನ ಹೆಣ್ಣುಮಕ್ಕಳು ಕೆಲಸ ಬಿಟ್ಟು ಗಾಡಿ ಹತ್ತಿದರು. ಮಾನ್ವಿಯ ಮನೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೊರಗೆ ಶೆಡ್ಡು ಸಾಲಿನವರೆಲ್ಲ ಇದ್ದರು. ಒಬ್ಬ ಪ್ರೀತಿಯಿಂದಲೇ, "ಪಾಪ, ಭಾಳ ಒಳ್ಳೇವ. ಆದ್ರ ಆ ಜಾಯಿಂಟ್ ಒಂದು ಸಿಗಲಿಲ್ಲ ನೋಡು ಅವನಿಗಿ" ಎಂದ.

ಯವ್ವ ಹೊಸ್ತಿಲ ಬಳಿ ನಿಂತಿದ್ದಳು. ಹಿಂದೆ ಅವಳ ಗುಂಪು ಇತ್ತು.

"ಜಾಯಿಂಟ್ ಹೋಗಿದ್ದಿಲ್ಲಪಾ" ಎಂದಳು. "ದೇವ್ರ ಗಂಟು ಕಟ್ಟಿದ್ದೆ ನಾನು, ಅದು ಸಿಕ್ಕೊಂಡಿತ್ತು. ಇವರನ್ನೆಲ್ಲಾ ನೀರಿಗಿ ಹಾಕತಿದ್ದಾಕಿ ನಾನು. ನನ್ನ ಹೆಸರು ಕೆಡಬಾರ್ದಂತ ಅವ್ರು ತಮ್ಮ ಹೆಸರು ಕೆಡಿಸ್ಕೊಂಡ್ರು."

ಮೇಸ್ತ್ರಿಯ ಹೆಂಡತಿ ಒಳಗಿನಿಂದ ಎದ್ದು ಬಂದು, "ನನಗ ಬರೇ ಇಷ್ಟು ಹೇಳಿದ್ರು ಯವ್ವಾ, ಇವತ್ತ ಕಾಲುವಿಗಿಂತಾ ಒಬ್ಬ ಹೆಣ್ಮಗಳ ಮಕ ನೋಡಿ ಹೆಚ್ಚು ಅಂಜಿದೆ ಅಂತ" ಎಂದು ಆಕೆಯ ಕೈ ಹಿಡಿದು ಒಳಗೆ ಕರೆದುಕೊಂಡಳು.

ಮರುದಿನ ಬೆಳಿಗ್ಗೆ ಯವ್ವ ಮುಂದಿನ ಸೀಟಿಗೆ ಬರಲಿಲ್ಲ. ಬುತ್ತಿ ಹಿಡಿದು ತೊಟ್ಟಿಯ ಬಳಿ, ಎಲ್ಲರೂ ಹತ್ತಲೆಂದು ಕಾಯುತ್ತ ನಿಂತಳು. ಯಾರೂ ಹತ್ತಲಿಲ್ಲ. ಕೊನೆಗೆ ಒಬ್ಬಾಕೆ ಆಕೆಯ ಕೈಯಿಂದ ಬುತ್ತಿ ಇಸಿದುಕೊಂಡು, "ಮುಂದ ಕುಂದ್ರು ಯವ್ವಾ, ಹೊತ್ತಾತು" ಎಂದಳು. ಆಮೇಲೆ ಎಲ್ಲರೂ ಹತ್ತಿದರು.

ಕಾಲುವೆಯ ದಂಡೆ ಬಂತು. ಗಾಡಿ ತಿರುಗಿಸಿದ ಕಡೆಗೆ ಹಗುರವಾಗಿ ತಿರುಗುತ್ತಿತ್ತು. ಆದರೂ, ನಮಗಾಗಿ ಅಂಜುವ ಮನುಷ್ಯ ಇನ್ನಿಲ್ಲವೆಂದು, ತಿರುವಿಗೆ ಮೊದಲು ಗಾಡಿ ನಿಲ್ಲಿಸಿ ನಾನೇ ರಾಡು ನೋಡಲು ಇಳಿದೆ. ಯವ್ವ ಇಳಿದು ಬಂದು ಬಾನೆಟ್ ಎತ್ತಿ ಹಿಡಿದಳು.