ಅಡ್ಡ ಬಾರದ ನಾಯಿ

ನನ್ನ ಗಂಡ ಹನ್ನೆರಡು ವರ್ಷ ಕಾರು ಓಡಿಸಿದರು. ಒಂದು ಸಲವೂ ಯಾರಿಗೂ, ಯಾವುದಕ್ಕೂ ತಾಗಿಸಲಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಇಂದಿರಾನಗರದ ವಿಮಾ ಕಚೇರಿಯ ಫೈಲಿನಲ್ಲಿ ಬರೆದಿಟ್ಟಿರುವುದು ಬೇರೆಯೇ. ಅಲ್ಲಿ, ಬೀದಿನಾಯಿಯನ್ನು ತಪ್ಪಿಸಲು ಹೋಗಿ ಹಲಸೂರಿನಲ್ಲಿ ಲೈಟುಕಂಬಕ್ಕೆ ಗುದ್ದಿದರು ಎಂದಿದೆ. ಕೆಳಗೆ ಅವರದೇ ಸಹಿ. ಆ ಸಹಿ ಹಾಕಿಸಿದವಳು ನಾನು.

ಆಗ ನಾವು ಜೀವನ್ ಬಿಮಾ ನಗರದಲ್ಲಿದ್ದೆವು. ಹಳೆಯ ಏರ್‌ಪೋರ್ಟಿನ ಹತ್ತಿರದ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಕೆಲಸಕ್ಕೆ ಕಾರ್ಖಾನೆಯ ಬಸ್ಸೇ ಇತ್ತು. ಕಾರು ತೆಗೆಯುತ್ತಿದ್ದುದು ಮದುವೆಗೆ, ಆಸ್ಪತ್ರೆಗೆ, ಅಪರೂಪಕ್ಕೊಮ್ಮೆ ಭಾನುವಾರದ ಸುತ್ತಾಟಕ್ಕೆ. ಕ್ಲೇಮ್ ಮಾಡದೆ ವರ್ಷ ಕಳೆದರೆ ವಿಮೆಯವರು ಮುಂದಿನ ಪ್ರೀಮಿಯಂನಲ್ಲಿ ಸ್ವಲ್ಪ ಬಿಡುತ್ತಾರೆ. ವರ್ಷದಿಂದ ವರ್ಷಕ್ಕೆ ಆ ರಿಯಾಯಿತಿ ಏರುತ್ತದೆ. ನೋ ಕ್ಲೇಮ್ ಬೋನಸ್ ಅಂತ ಅದಕ್ಕೆ ಹೆಸರು. ಇವರಿಗೆ ಅದು ಉಳಿತಾಯದ ಮಾತಾಗಿರಲಿಲ್ಲ, ಮಾರ್ಕ್ಸ್ ಕಾರ್ಡಾಗಿತ್ತು. ಮನೆಗೆ ಬಂದವರಿಗೆಲ್ಲ ಪಾಲಿಸಿ ತೆಗೆದು ಆ ಸಾಲು ತೋರಿಸುತ್ತಿದ್ದರು. ನನ್ನ ತಮ್ಮ ಒಮ್ಮೆ, "ಭಾವ, ಇದಕ್ಕೊಂದು ಫ್ರೇಮ್ ಹಾಕ್ಸಿ ದೇವ್ರ ಪಕ್ಕ ಇಟ್ಬಿಡಿ" ಎಂದಿದ್ದ. ಇವರು ನಗಲಿಲ್ಲ. "ಹನ್ನೆರಡು ವರ್ಷ ಕಣಯ್ಯಾ" ಎಂದರು.

ಆ ವರ್ಷ ಜೋಗುಪಾಳ್ಯದಲ್ಲಿದ್ದ ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾಗಿತ್ತು. ದಿನ ಬಿಟ್ಟು ದಿನ ಶಿವಾಜಿನಗರದ ಆಸ್ಪತ್ರೆಗೆ ಹೋಗಿ ಡ್ರೆಸಿಂಗ್ ಮಾಡಿಸಬೇಕು. ಅಮ್ಮನ ಗಲ್ಲಿಗೆ ಆಟೋದವರು ಬರುತ್ತಿರಲಿಲ್ಲ. ಇವರು ಸೆಕೆಂಡ್ ಶಿಫ್ಟ್ ಹಾಕಿಸಿಕೊಂಡು ಬೆಳಿಗ್ಗೆ ತಾವೇ ಕರೆದುಕೊಂಡು ಹೋಗುತ್ತಿದ್ದರು. ಹಾಗೆ ಹೋಗಿ ಬಂದ ಒಂದು ದಿನ, ಅಮ್ಮನನ್ನು ಮನೆಗೆ ಬಿಟ್ಟು ಹಿಂದಿರುಗುವಾಗ, ಹಲಸೂರಿನ ಸಿಗ್ನಲ್‌ನಲ್ಲಿ ಕಾರು ನಿಂತಿತ್ತು. ನಾನು ಪಕ್ಕದಲ್ಲಿ ಕೂತಿದ್ದೆ. ಮುಂದಿದ್ದ ನೀರಿನ ಟ್ಯಾಂಕರ್ ಇದ್ದಕ್ಕಿದ್ದಂತೆ ಹಿಂದಕ್ಕೆ ಬರತೊಡಗಿತು. ಇವರು ಹಾರ್ನ್ ಒತ್ತುತ್ತಲೇ ಇದ್ದರು. ಅದು ಬಂದು ನಮ್ಮ ಕಾರಿನ ಮುಂಭಾಗವನ್ನು ಅಪ್ಪಚ್ಚಿ ಮಾಡಿತು.

ಡ್ರೈವರ್ ಇಳಿದು ಕೈ ಮುಗಿದ. "ತಪ್ಪು ನಂದೇ ಸಾರ್. ಓನರ್ ಹತ್ರ ಮಾತಾಡಿ" ಎಂದು ನಂಬರ್ ಕೊಟ್ಟ. ಓನರ್ ಕೆ.ಆರ್. ಪುರದ ಕಡೆಯವರು. ಹೊಲವಿದ್ದ ಜಾಗದಲ್ಲಿ ಬೋರ್ ಹಾಕಿಸಿ ನೀರು ಮಾರುತ್ತಿದ್ದರು. ಫೋನಿನಲ್ಲಿ ಬಹಳ ಸಮಾಧಾನದಿಂದಲೇ ಮಾತಾಡಿದರು. "ರೋಡಿಗೆ ಇಳಿದ್ಮೇಲೆ ತಗುಲ್ದೆ ಇರುತ್ತಾ ಸ್ವಾಮಿ? ನಿಮ್ದು ಇನ್ಶೂರೆನ್ಸ್ ಇದೆಯಲ್ಲ, ಅದ್ರಲ್ಲೇ ಮಾಡ್ಸ್ಕೊಳ್ಳಿ."

ಅವತ್ತು ಇವರು ಶಿಫ್ಟಿಗೆ ಹೋಗಲಿಲ್ಲ. ಸಂಜೆ ನಮ್ಮ ಬೀದಿಯ ವಿಮಾ ಏಜೆಂಟರು ಫಾರಂ ಹಿಡಿದು ಬಂದರು. ಇಡೀ ಬೀದಿಯ ಗಾಡಿಗಳೆಲ್ಲ ಅವರ ಕೈಯಲ್ಲೇ. ಇವರು ನಡೆದದ್ದನ್ನು ಹೇಳಿದರು. ಏಜೆಂಟರು ತಲೆಯಾಡಿಸಿದರು.

"ಟ್ಯಾಂಕರ್ ಅಂತ ಬರೀಬೇಡಿ ಸಾರ್. ಬರೆದ್ರೆ ಪೊಲೀಸ್ ಕಂಪ್ಲೇಂಟ್ ಕೇಳ್ತಾರೆ, ಮಹಜರ್ ಅಂತಾರೆ. ನಿಮ್ ಗಾಡಿ ಸ್ಟೇಷನ್ ಮುಂದೆ ಧೂಳು ತಿಂತಾ ನಿಂತಿರುತ್ತೆ. ನಾಯಿ ಅಡ್ಡ ಬಂತು, ತಪ್ಸೋಕ್ ಹೋಗಿ ಕಂಬಕ್ಕೆ ಹೊಡ್ದೆ ಅನ್ನಿ. ಹತ್ತು ದಿನದಲ್ಲಿ ಗಾಡಿ ಮನೇಲಿರುತ್ತೆ."

"ನಾನು ನಿಂತಿದ್ದೆ ಕಣ್ರೀ" ಎಂದರು ಇವರು. "ನಿಂತಿರೋ ಗಾಡಿಗೆ ಎಲ್ಲಿಂದ ಬರುತ್ತೆ ನಾಯಿ?"

"ಫಾರಮ್ಮಲ್ಲಿ ಬರುತ್ತೆ ಸಾರ್. ಈ ಬೀದೀಲೇ ಆರು ನಾಯಿ ಬರೆದಿದೀನಿ ನಾನು."

ಇವರು ಪೆನ್ನು ಕೆಳಗಿಟ್ಟರು. ನನಗೆ ಅಮ್ಮನ ಕಾಲಿನದೇ ಚಿಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡೇ, "ಬರೆದ್ಕೊಟ್ಬಿಡ್ರೀ. ಹತ್ತು ದಿನ ಹೇಗೋ ತಳ್ಳೋಣ, ಆಮೇಲೂ ಗಾಡಿ ಇಲ್ದಿದ್ರೆ ಅಮ್ಮನ್ನ ಏನು ಹೊತ್ಕೊಂಡ್ ಹೋಗ್ತೀರಾ? ನಿಮ್ ಮಾರ್ಕ್ಸ್ ಕಾರ್ಡ್ ಕಟ್ಕೊಂಡ್ ಅಮ್ಮನ ಕಾಲ್ ಹೋಗ್ಲಾ?" ಎಂದೆ. ಹೊರಗಿನವರ ಎದುರು ಹಾಗೆ ಅಂದೆ. ಅವರು ನನ್ನ ಮುಖ ನೋಡಿ, ಸಹಿ ಮಾಡಿದರು.

ಗಾಡಿ ಹತ್ತು ದಿನದಲ್ಲಿ ಬಂತು. ಎರಡು ತಿಂಗಳಲ್ಲಿ ಅಮ್ಮನ ಕಾಲೂ ವಾಸಿಯಾಯಿತು. ಏಜೆಂಟರ ಬಾಯಿಂದ ಕಥೆ ಕಾರ್ಖಾನೆಯ ಬಸ್ಸು ಹತ್ತಿತು. "ಏನ್ ಗುರು, ನಾಯಿ ಹುಷಾರಾ?" ಎಂದು ಜೊತೆಯವರು ಕೇಳುತ್ತಿದ್ದರಂತೆ. ಮೊದಮೊದಲು ಇವರು ಅದನ್ನು ನಗುತ್ತಾ ಹೇಳಿದರು. ಆಮೇಲೆ ಬಸ್ಸಿನ ವಿಷಯ ಮನೆಯಲ್ಲಿ ಎತ್ತುವುದನ್ನೇ ಬಿಟ್ಟರು.

ಮುಂದಿನ ಪ್ರೀಮಿಯಂನ ಕಾಗದ ಬಂದಾಗ ಬೋನಸ್ಸಿನ ಕಡೆ ಸೊನ್ನೆ ಇತ್ತು. ಕಟ್ಟಬೇಕಾದ ಹಣ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅವರು ರಜೆ ಹಾಕಿ ಕಚೇರಿಗೆ ಹೋಗಿ, ಹನ್ನೆರಡು ವರ್ಷದ ಪಾಲಿಸಿಗಳನ್ನೆಲ್ಲ ಮೇಜಿನ ಮೇಲೆ ಹರಡಿದರಂತೆ. ಅಲ್ಲಿಯವರು, "ಯಾರ ತಪ್ಪಾದ್ರೂ ಕ್ಲೇಮ್ ಮಾಡಿದ್ರೆ ಬೋನಸ್ ಹೋಗುತ್ತೆ ಸಾರ್. ನಿಮ್ ಕೇಸಲ್ಲಂತೂ ತಪ್ಪು ನಿಮ್ದೇ ಅಲ್ವಾ? ಇನ್ಮೇಲೆ ನೋಡ್ಕೊಂಡ್ ಓಡ್ಸಿ" ಎಂದರಂತೆ. ಮನೆಗೆ ಬಂದು ಇಷ್ಟನ್ನು ಹೇಳಿ ಊಟಕ್ಕೆ ಕೂತರು. ನಿನ್ನಿಂದ ಹೀಗಾಯಿತು ಎಂದು ಅವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅದೇ ವರ್ಷ ಒಂದು ಬೆಳಿಗ್ಗೆ ಕಾರ್ಖಾನೆಯ ಬಸ್ಸಿಗೆ ಕಾಯುತ್ತಾ ನಿಂತಿದ್ದವರು ಕುಸಿದು ಬಿದ್ದರು. ಹೃದಯಾಘಾತ ಎಂದರು ಡಾಕ್ಟರು. ಎಚ್ಚರವೇ ಆಗಲಿಲ್ಲ.

ತಿಥಿಯ ದಿನ ಅವರ ದೊಡ್ಡಮ್ಮ ಎಲ್ಲರೆದುರು ಹೇಳಿದರು, "ಗಾಡಿ ಕಂಬಕ್ಕೆ ಹೊಡೆದಾಗ್ಲೇ ಡಾಕ್ಟ್ರಿಗೆ ತೋರಿಸ್ಬೇಕಿತ್ತು ಕಣೇ. ಆಗ್ಲೇ ಕಣ್ಣು ಕತ್ತಲೆ ಬಂದಿರ್ಬೇಕು ಅವನಿಗೆ. ಇಲ್ದಿದ್ರೆ ಅವನು ಗುದ್ದೋನಾ?" ಏಜೆಂಟರೂ ಅಲ್ಲೇ ಊಟಕ್ಕೆ ಕೂತಿದ್ದರು. ಅನ್ನ ಕಲಸುತ್ತಾ, "ಹೌದಮ್ಮ, ಇರಬಹುದು" ಎಂದರು. ಕಾರು ನಿಂತಿತ್ತು, ನಾನು ಪಕ್ಕದಲ್ಲೇ ಇದ್ದೆ ಎಂದೆ. ನನ್ನನ್ನು ಸಮಾಧಾನ ಮಾಡುವವರಂತೆ ಎಲ್ಲರೂ ತಲೆಯಾಡಿಸಿದರು. ಆ ಫೈಲಿನಲ್ಲಿ ನಿಜ ಬರೆಸಲೇಬೇಕು ಎಂದು ನನಗೆ ಅನ್ನಿಸಿದ್ದು ಆಗ.

ಪಾಲಿಸಿಯನ್ನು ನನ್ನ ಹೆಸರಿಗೆ ಮಾಡಿಸಲು ಹೇಗೂ ಇಂದಿರಾನಗರಕ್ಕೆ ಹೋಗಬೇಕಿತ್ತು. ಕೌಂಟರಿನಲ್ಲಿ ಕೂತಿದ್ದವಳು ಒಳ್ಳೆಯ ಹುಡುಗಿ. ಅವಳಿಂದ ಒಂದು ಬಿಳಿ ಹಾಳೆ ಕೇಳಿ ಪಡೆದು, ಅಲ್ಲೇ ಕೂತು ಸಿಗ್ನಲ್ಲು, ಟ್ಯಾಂಕರು, ಹಾರ್ನು ಎಲ್ಲ ಬರೆದೆ. ಬೋನಸ್ ವಾಪಸ್ ಬೇಡ, ಮುಂದಕ್ಕೂ ಇದೇ ಪ್ರೀಮಿಯಂ ಕಟ್ಟುತ್ತೇನೆ, ತಪ್ಪು ಅವರದಲ್ಲ ಎಂದಷ್ಟು ಫೈಲಿನಲ್ಲಿ ಸೇರಿಸಿದರೆ ಸಾಕು ಎಂದೂ ಬರೆದೆ. ಅವಳು ಓದಿ, ಅಕ್ಕಪಕ್ಕ ನೋಡಿ, ಹಾಳೆಯನ್ನು ನನ್ನ ಕಡೆಗೇ ತಳ್ಳಿದಳು.

"ಆಂಟಿ, ಇದನ್ನ ನಾನು ತಗೊಂಡ್ರೆ ಕ್ಲೇಮೇ ಸುಳ್ಳು ಅಂತಾಗುತ್ತೆ. ಅಂಕಲ್ ಸುಳ್ಳು ಹೇಳಿ ದುಡ್ಡು ತಗೊಂಡ್ರು ಅಂತ ಬರೀಬೇಕಾಗುತ್ತೆ."

"ದುಡ್ಡು ವಾಪಸ್ ಕೊಡ್ತೀನಮ್ಮ."

"ಕೊಡ್ಬಹುದು ಆಂಟಿ. ಆದ್ರೂ ಹಾಗೇ ಬರೀತಾರೆ."

ಸುಳ್ಳು ಹೇಳಿಸಿದವಳು ನಾನು ಎಂದೆ. ಸಹಿ ಅವರದಲ್ಲವಾ ಎಂದಳು. ನನ್ನ ಹಿಂದೆ ನಿಂತಿದ್ದವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಸುಳ್ಳುಗಾರರು ಅನ್ನಿಸಿಕೊಳ್ಳುವುದಕ್ಕಿಂತ ಗಾಡಿ ಓಡಿಸಲು ಬಾರದವರು ಎಂದೇ ಇರಲಿ ಎಂದುಕೊಂಡೆ. ಹಾಳೆಯನ್ನು ನಾಲ್ಕಾಗಿ ಹರಿದೆ. ಹುಡುಗಿ ಚೂರುಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಬುಟ್ಟಿಗೆ ಹಾಕಿ, ಹೊಸ ಪಾಲಿಸಿಗೆ ಚೆಕ್ ಕೊಡುತ್ತೀರಾ, ಕ್ಯಾಷಾ ಎಂದು ಕೇಳಿದಳು.